ಪಕ್ಕಿ ಹಕ್ಕಿಯಾಯಿತು, ಪಟಪಟ ಹಾಗೆಯೇ ಉಳಿಯಿತು

ಪ್ರಶ್ನೆ: ನಾನು ಯಾದಗಿರಿ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತೇನೆ. ಪದಕ್ಕೂ ಅದರ ಅರ್ಥಕ್ಕೂ ಇರುವ ಸಂಬಂಧ ಯಾದೃಚ್ಛಿಕ, ಅಂದರೆ ಜನ ಒಪ್ಪಿಕೊಂಡು ಬಂದ ರೂಢಿ ಮಾತ್ರ ಎಂದು ತರಗತಿಯಲ್ಲಿ ಹೇಳಿದೆ. ಒಬ್ಬ ಹುಡುಗಿ ಎದ್ದು ನಿಂತು, “ಹಂಗಾದ್ರ ಗುಡುಗಿಗಿ ಗುಡುಗ ಅಂತ ಯಾಕ ಅಂತಾರ್ರಿ ಟೀಚರ್? ಅದು ಗುಡುಗುಡು ಅಂತದ ಅಂತನೇ ಅಲ್ಲೇನ್ರಿ?” ಎಂದಳು. ‘ಚೂಪು’ ಎಂಬ ಮಾತು ಕಿವಿಗೂ ಚೂಪಾಗಿದೆ, ‘ಗುಂಡು’ ಎಂಬುದು ಗುಂಡಗಿದೆ ಎಂದು ಇನ್ನೊಬ್ಬ ಸೇರಿಸಿದ. ಎಲ್ಲ ದೇಶಗಳಲ್ಲೂ ತಾಯಿಯನ್ನು ಕರೆಯುವ ಮಾತು ಒಂದೇ ಥರ ಇರುವುದೇಕೆ ಎಂದು ಮತ್ತೊಬ್ಬ ಕೇಳಿದ. ನನ್ನ ಬಳಿ ಸರಿಯಾದ ಉತ್ತರವಿರಲಿಲ್ಲ. ಯಾರು ಹೇಳಿದ್ದು ಸರಿ?

ಉತ್ತರ: ನಿಮ್ಮ ವಿದ್ಯಾರ್ಥಿನಿಯ ಆಕ್ಷೇಪ ಸರಿಯಾದದ್ದು. ನೀವು ಮಾಡಿದ ಪಾಠವೂ ತಪ್ಪಲ್ಲ. ಎರಡೂ ಏಕಕಾಲಕ್ಕೆ ಹೇಗೆ ಸರಿಯಾಗುತ್ತವೆ ಎಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ, ಏಕೆಂದರೆ ಇದಕ್ಕೆ ಬೇಕಾದ ಅತ್ಯುತ್ತಮ ಸಾಕ್ಷ್ಯ ಕನ್ನಡದೊಳಗೇ ಇದೆ ಮತ್ತು ಕಲಬುರಗಿ, ಬೀದರ್, ಯಾದಗಿರಿಗಳಲ್ಲಿ ಬದುಕುವ ನಮ್ಮ ಕಿವಿಗೆ ಅದು ದಿನನಿತ್ಯ ಬೀಳುತ್ತಲೇ ಇರುತ್ತದೆ.

ಮೊದಲು ‘ಯಾದೃಚ್ಛಿಕ’ ಎಂಬ ಮಾತನ್ನೇ ಸರಿಪಡಿಸಿಕೊಳ್ಳೋಣ. ಈ ತತ್ತ್ವವನ್ನು ಆಧುನಿಕ ಭಾಷಾವಿಜ್ಞಾನದ ಬುನಾದಿಯಾಗಿ ಇಟ್ಟವರು ಜಿನೀವಾದ ಫರ್ಡಿನಾಂಡ್ ಡ ಸೊಸ್ಯೂರ್. ಅವರ ಪಾಠಗಳು ಪುಸ್ತಕವಾಗಿ ಬಂದದ್ದು ಅವರು ತೀರಿಕೊಂಡ ಮೇಲೆ, 1916ರಲ್ಲಿ. ಅವರು ಹೇಳಿದ್ದು ಇಷ್ಟು: ಮರ ಎಂಬ ವಸ್ತುವಿನಲ್ಲಿ ‘ಮರ’ ಎಂಬ ಸದ್ದನ್ನೇ ಬೇಡುವಂಥದ್ದು ಏನೂ ಇಲ್ಲ, ಆದ್ದರಿಂದಲೇ ಒಂದೊಂದು ಭಾಷೆ ಒಂದೊಂದು ಹೆಸರನ್ನು ಇಟ್ಟುಕೊಂಡಿದೆ. ಇದರ ಅರ್ಥ ಸದ್ದಿಗೂ ಅರ್ಥಕ್ಕೂ ಹೋಲಿಕೆ ಇರಲೇಬಾರದು ಎಂದಲ್ಲ. ಹೋಲಿಕೆ ಇರಲೇಬೇಕೆಂಬ ಕಟ್ಟುಪಾಡು ಇಲ್ಲ ಎಂದು ಮಾತ್ರ. ನಮ್ಮ ಪಠ್ಯಪುಸ್ತಕಗಳು ಈ ಎರಡನ್ನೂ ಒಂದೇ ಎಂಬಂತೆ ಬರೆದುಬಿಡುತ್ತವೆ, ನಿಮ್ಮ ತರಗತಿಯಲ್ಲಿ ಎದ್ದ ಗೊಂದಲಕ್ಕೆ ಮೂಲ ಅದೇ. ಗುಡುಗುಡು ಎಂಬಂಥ, ಸದ್ದನ್ನು ಹೋಲುವ ಅನುಕರಣ ಪದಗಳ ಆಕ್ಷೇಪವನ್ನು ಸೊಸ್ಯೂರ್ ತಾವೇ ಎತ್ತಿಕೊಂಡು, ಅವು ಸಂಖ್ಯೆಯಲ್ಲಿ ಕಡಿಮೆ, ಭಾಷೆಯ ಸಹಜ ಅಂಗಗಳಲ್ಲ ಎಂದು ಬದಿಗಿಟ್ಟರು. ಈ ಒಂದು ಮಾತನ್ನು ಮಾತ್ರ ನಾನು ಒಪ್ಪಲಾರೆ. ಫ್ರೆಂಚ್ ಮಾತಾಡುವವರಿಗೆ ಅವು ಕಡಿಮೆ ಎನಿಸಿದ್ದು ಸಹಜ. ಕನ್ನಡದಲ್ಲಿ ಹುಟ್ಟಿ ಬೆಳೆದವರಿಗೆ ಹಾಗೆ ಎನಿಸುವುದು ಸಾಧ್ಯವೇ ಇಲ್ಲ.

ನಮ್ಮ ದೇಶದಲ್ಲಿ ಈ ವಾದ ಸೊಸ್ಯೂರರಿಗಿಂತ ಎರಡು ಸಾವಿರ ವರ್ಷಕ್ಕೂ ಹಿಂದಿನದು. ಪದಗಳ ಮೂಲವನ್ನು ವಿವರಿಸುವ ಪ್ರಾಚೀನ ಸಂಸ್ಕೃತ ಗ್ರಂಥವಾದ ಯಾಸ್ಕರ ನಿರುಕ್ತದಲ್ಲಿ ‘ಕಾಕ’, ಅಂದರೆ ಕಾಗೆ, ಎಂಬ ಪದದ ಚರ್ಚೆ ಬರುತ್ತದೆ. ಅದು ಸದ್ದಿನ ಅನುಕರಣೆ, ಹಕ್ಕಿಗಳ ಹೆಸರಿನಲ್ಲಿ ಇದು ಹೇರಳ ಎಂದು ಯಾಸ್ಕರು ಹೇಳುತ್ತಾರೆ. ಅನುಕರಣೆ ಎಂಬುದೇ ಇಲ್ಲ ಎಂಬ ಔಪಮನ್ಯವರ ಮತವನ್ನೂ ಅಲ್ಲಿಯೇ ದಾಖಲಿಸುತ್ತಾರೆ. ಓಡಿಸಬೇಕಾದ ಹಕ್ಕಿ ಎಂಬ ಅರ್ಥದ ಧಾತುವಿನಿಂದ ಕಾಕ ಎಂಬ ಹೆಸರು ಬಂತು ಎಂಬುದು ಔಪಮನ್ಯವರ ವಾದ. ಮುಂದೆ ಶಬ್ದಾರ್ಥಗಳ ಸಂಬಂಧ ನಿತ್ಯವಾದದ್ದು ಎಂದು ಮೀಮಾಂಸಕರೂ, ಅದು ಸಂಕೇತ ಮಾತ್ರ ಎಂದು ನೈಯಾಯಿಕರೂ ಶತಮಾನಗಳ ಕಾಲ ವಾದಿಸಿದರು. ನಿಮ್ಮ ತರಗತಿಯ ಹುಡುಗಿ ಯಾಸ್ಕರ ಪಕ್ಷದಲ್ಲಿ ನಿಂತಿದ್ದಾಳೆ ಎಂದು ಅವಳಿಗೆ ದಯವಿಟ್ಟು ತಿಳಿಸಿ.

ಈಗ ಅವಳ ಗುಡುಗಿಗೆ ಬರುತ್ತೇನೆ. ಬೀದರಿನ ಒಂದೇ ಓಣಿಯಲ್ಲಿ ನಾಲ್ಕು ಭಾಷೆಯ ಮನೆಗಳಿರುವುದು ಹೊಸ ಸಂಗತಿಯಲ್ಲ. ಅದೇ ಮೋಡ, ಅದೇ ಸದ್ದು. ಕನ್ನಡದ ಮನೆಯಲ್ಲಿ ಅದು ಗುಡುಗು, ಮರಾಠಿ ಮನೆಯಲ್ಲಿ ಗಡಗಡಾಟ, ತೆಲುಗು ಮನೆಯಲ್ಲಿ ಉರುಮು, ಉರ್ದು ಮನೆಯಲ್ಲಿ ಗರಜ್. ನಾಲ್ಕು ಹೆಸರೂ ಬೇರೆ ಬೇರೆ, ಆದ್ದರಿಂದ ರೂಢಿಯ ಪಾತ್ರವನ್ನು ಅಲ್ಲಗಳೆಯಲಾಗದು. ಆದರೆ ಒಮ್ಮೆ ಗಟ್ಟಿಯಾಗಿ ಹೇಳಿ ನೋಡಿ: ನಾಲ್ಕರಲ್ಲೂ ಗಂಟಲಿನಿಂದ ಮೊಳಗುವ ಘೋಷ ಧ್ವನಿಗಳಿವೆ, ‘ರ’ ಅಥವಾ ‘ಡ’ದ ಉರುಳುವಿಕೆಯಿದೆ. ಈ ನಾಲ್ಕರಲ್ಲಿ ಯಾವ ಭಾಷೆಯೂ ಗುಡುಗಿಗೆ ‘ಪಿಸಿ’ ಎಂದೋ ‘ಚಿಕಿ’ ಎಂದೋ ಹೆಸರಿಟ್ಟಿಲ್ಲ. ಅದರ ಜೊತೆಗೇ ಬರುವ, ಆದರೆ ತನಗೆ ಸದ್ದೇ ಇಲ್ಲದ ಮಿಂಚನ್ನು ತೆಗೆದುಕೊಳ್ಳಿ: ಮಿಂಚು, ವೀಜ, ಮೆರುಪು, ಬಿಜಲಿ. ಮೆರುಪಿನ ಒಂದು ರಕಾರವನ್ನು ಬಿಟ್ಟರೆ ಗುಡುಗಿನ ಆ ಉರುಳು ಇಲ್ಲಿ ಇಲ್ಲ. ನನ್ನ ಉತ್ತರದ ತಿರುಳು ಇಲ್ಲಿಯೇ ಇದೆ. ಸದ್ದಿನ ಹೋಲಿಕೆ ಪದವನ್ನು ನಿರ್ಧರಿಸುವುದಿಲ್ಲ, ಆಯ್ಕೆಯ ದಾರಿಯನ್ನು ಕಿರಿದು ಮಾಡುತ್ತದೆ. ಆ ಕಿರಿದಾದ ದಾರಿಯಲ್ಲಿ ಯಾವ ಹೆಜ್ಜೆ ಇಡಬೇಕೆಂಬುದನ್ನು ಆಯಾ ಭಾಷೆ ತನ್ನ ರೂಢಿಯಂತೆ ತಾನೇ ತೀರ್ಮಾನಿಸುತ್ತದೆ.

ಆ ಹುಡುಗಿಯ ವಾಕ್ಯದಲ್ಲಿ ಇನ್ನೊಂದು ಪದ ನನ್ನ ಗಮನ ಸೆಳೆಯಿತು. ಗುಡುಗು ಗುಡುಗುಡು ‘ಅಂತದ’ ಎಂದಳು. ಬೇಸಿಗೆ ಬಂತೆಂದರೆ ಕಲಬುರಗಿಯ ಬಜಾರಿನಲ್ಲಿ ಮಣ್ಣಿನ ಗಡಿಗೆಗಳ ಸಾಲು ಕಾಣುತ್ತದೆ. ಕೊಳ್ಳಲು ಬಂದ ಹೆಂಗಸು ಗಡಿಗೆಯನ್ನು ಎಡಗೈಯಲ್ಲಿ ಎತ್ತಿ ಹಿಡಿದು, ಬಲಗೈಯ ಬೆರಳನ್ನು ಮಡಚಿ, ಗೆಣ್ಣಿನಿಂದ ಎರಡು ಸಲ ಬಡಿದು, ಕಿವಿಗೆ ಹತ್ತಿರ ಹಿಡಿಯುತ್ತಾಳೆ. ಚೆನ್ನಾಗಿ ಬೆಂದದ್ದಾದರೆ “ಖಣ್ ಅಂತದ”, ಎಲ್ಲೋ ಕಾಣದಂಥ ಬಿರುಕಿದ್ದರೆ “ಬದ್ ಅಂತದ”. ಗಡಿಗೆ ಏನನ್ನೂ ಅನ್ನುವುದಿಲ್ಲವಲ್ಲ ಎಂದು ಯಾರೂ ಕೇಳುವುದಿಲ್ಲ. ಕನ್ನಡದ ವ್ಯಾಕರಣವೇ ಸದ್ದುಗಳನ್ನು ವಸ್ತುಗಳು ಆಡಿದ ಮಾತೆಂದು ಎಣಿಸುತ್ತದೆ. ‘ಥಟ್ಟನೆ’, ‘ಸರ್ರನೆ’, ‘ಗಕ್ಕನೆ’ ಎಂಬ ಬರವಣಿಗೆಯ ರೂಪಗಳಲ್ಲಿ ಕೊನೆಗೆ ಬರುವ ‘ಅನೆ’ ಎಂಬುದೂ ಎನ್ನು ಎಂಬ ಕ್ರಿಯಾಪದದ ‘ಎನೆ’ ರೂಪವೇ. ಮನುಷ್ಯನ ಮಾತನ್ನು ಉದ್ಧರಿಸಲು ಬಳಸುವ ಅದೇ ಸಾಧನದಿಂದ ಗಡಿಗೆಯ, ಗುಡುಗಿನ, ಹರಿಯುವ ಹಾವಿನ ಸದ್ದನ್ನೂ ಉದ್ಧರಿಸುತ್ತೇವೆ. ಕನ್ನಡ ವ್ಯಾಕರಣಗಳು ಇವುಗಳನ್ನು ಅನುಕರಣಾವ್ಯಯಗಳೆಂದು ಗುರುತಿಸಿ, ಅವ್ಯಯಗಳ ನಡುವೆ ಒಂದು ಪ್ರತ್ಯೇಕ ಜಾಗವನ್ನೇ ಕೊಟ್ಟಿವೆ. ಇಷ್ಟು ಚೆನ್ನಾಗಿ ಭಾಷೆಯ ಮೈಯಲ್ಲಿ ನೆಟ್ಟಿರುವ ಪದವರ್ಗವನ್ನು ಸಹಜ ಅಂಗವಲ್ಲ ಎನ್ನುವುದು ಹೇಗೆ?

ಆದರೆ ಒಂದು ಪದ ಹೋಲುತ್ತದೆ ಎಂದು ನಮಗೆ ಅನಿಸುವುದು ಬೇರೆ, ಆ ಹೋಲಿಕೆ ಭಾಷೆಯ ಇತಿಹಾಸದಲ್ಲಿ ನಿಜವಾಗಿ ಕೆಲಸ ಮಾಡಿದೆ ಎಂದು ತೋರಿಸುವುದು ಬೇರೆ. ಎರಡನೆಯದಕ್ಕೆ ಕನ್ನಡದಲ್ಲಿ ಒಂದು ಅಪರೂಪದ ಪುರಾವೆ ಇದೆ. ಈ ಉತ್ತರದಲ್ಲಿ ನಿಮಗೆ ಮುಖ್ಯವಾಗಿ ಮುಟ್ಟಿಸಬೇಕೆಂದಿರುವುದು ಅದನ್ನೇ.

ಹಳಗನ್ನಡದಲ್ಲಿ ಪದದ ಮೊದಲಿಗೆ ಬರುತ್ತಿದ್ದ ‘ಪ’ಕಾರ ಕಾಲಾಂತರದಲ್ಲಿ ‘ಹ’ಕಾರವಾಯಿತೆಂಬುದು ನಿಮಗೆ ಗೊತ್ತೇ ಇದೆ. ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು, ಪೂ ಹೂವಾಯಿತು, ಪೊಸತು ಹೊಸತಾಯಿತು. ಸಂಸ್ಕೃತದಿಂದ ಮೊದಲೇ ಬಂದು ಕನ್ನಡದ ರೂಪ ತಾಳಿದ್ದ ಪದಗಳೂ ತಪ್ಪಿಸಿಕೊಳ್ಳಲಿಲ್ಲ, ಪರ್ವವು ಪಬ್ಬವಾಗಿ ಕೊನೆಗೆ ಹಬ್ಬವಾಯಿತು. ನಮ್ಮ ಸೇಡಂ ತಾಲ್ಲೂಕಿನ ಮಳಖೇಡ, ಅಂದರೆ ರಾಷ್ಟ್ರಕೂಟರ ಮಾನ್ಯಖೇಟ, ರಾಜಧಾನಿಯಾಗಿದ್ದಾಗ ಅಲ್ಲಿನ ಕನ್ನಡ ಪಕಾರದ ಕನ್ನಡ. 10ನೇ ಶತಮಾನದಲ್ಲಿ ಮುಮ್ಮಡಿ ಕೃಷ್ಣನ ಆಸ್ಥಾನದಲ್ಲಿದ್ದ ಕವಿಯ ಹೆಸರೇ ಪೊನ್ನ. ಇಂದು ಆ ಲೋಹದ ಹೆಸರು ಹೊನ್ನು. ಸುಮಾರು ಆ ಶತಮಾನದಿಂದಲೇ ಶಾಸನಗಳಲ್ಲಿ ಹಕಾರ ಅಲ್ಲಲ್ಲಿ ತಲೆ ಹಾಕುತ್ತದೆ. ಮುಂದಿನ ಮೂರು ನಾಲ್ಕು ಶತಮಾನಗಳಲ್ಲಿ ಬಳಕೆಯ ಪದಗಳನ್ನೆಲ್ಲ ಬಹುಮಟ್ಟಿಗೆ ಅದು ವ್ಯಾಪಿಸಿಕೊಂಡಿತು. ತೆಲುಗಿನಲ್ಲಿ ಈ ಬದಲಾವಣೆ ಆಗಲಿಲ್ಲ. ಗುರುಮಠಕಲ್, ಸೇಡಂ, ಚಿಂಚೋಳಿಯ ಗಡಿಯೂರುಗಳ ಸಂತೆಯಲ್ಲಿ ಒಬ್ಬರು ಹಾಲು ಎಂದರೆ ಪಕ್ಕದವರು ಪಾಲು ಎನ್ನುತ್ತಾರೆ, ಒಬ್ಬರ ಹೆಸರುಕಾಳು ಇನ್ನೊಬ್ಬರ ಬಾಯಲ್ಲಿ ಪೆಸಲು ಆಗಿರುತ್ತದೆ. ಸಾವಿರ ವರ್ಷದ ಹಿಂದಿನ ಕನ್ನಡದ ಬಾಯಿ ಹೇಗಿತ್ತೆಂದು ಆ ಮಕ್ಕಳಿಗೆ ಪುಸ್ತಕ ನೋಡದೆಯೇ ತಿಳಿಯುತ್ತದೆ.

ಇಷ್ಟು ನೆನಪಿನಲ್ಲಿಟ್ಟುಕೊಂಡು ಈ ಸಾಮಾನ್ಯ ವಾಕ್ಯವನ್ನು ಹಲಗೆಯ ಮೇಲೆ ಬರೆಯಿರಿ: “ಹಕ್ಕಿ ಪಟಪಟ ರೆಕ್ಕೆ ಬಡಿದು ಹಾರಿತು.” ಹಕ್ಕಿ ಮೊದಲು ಪಕ್ಕಿಯಾಗಿತ್ತು. ಹಾರು ಎಂಬುದು ಪಾಱು ಆಗಿತ್ತು. ಎರಡೂ ಪಕಾರವನ್ನು ಕಳೆದುಕೊಂಡವು. ನಡುವೆ ಕುಳಿತ ಪಟಪಟ ಮಾತ್ರ ಕದಲಲಿಲ್ಲ, ‘ಹಟಹಟ’ ಆಗಲಿಲ್ಲ. ಅದೊಂದೇ ಅಲ್ಲ. ಪಿಸುಪಿಸು ಹಿಸುಹಿಸು ಆಗಲಿಲ್ಲ. ಪಕಪಕ ನಗುವುದು, ಪರಪರ ಕೆರೆಯುವುದು, ಪಿಳಿಪಿಳಿ ಕಣ್ಣು ಬಿಡುವುದು, ಪುಸಕ್ಕನೆ ಗಾಳಿ ಹೋಗುವುದು, ಪಟ್ಟನೆ ಹರಿಯುವುದು, ಇವೆಲ್ಲ ಇಂದಿಗೂ ಪಕಾರದವೇ. ಹಾಲು, ಹೂವು, ಹುಲಿ, ಹಲ್ಲು, ಹೊಲ, ಹತ್ತು, ಹೊಟ್ಟೆ, ಹೆಸರು ಎಂದು ಇಡೀ ಬದುಕಿನ ಪದಗಳನ್ನು ಬದಲಿಸಿದ ಒಂದು ಪ್ರವಾಹ ಈ ಒಂದು ಗುಂಪಿನ ಮುಂದೆ ಬಂದು ನಿಂತಿತೆಂದರೆ ಅದಕ್ಕೆ ಕಾರಣವಿರಲೇಬೇಕು.

ಕಾರಣ ನಿಮ್ಮ ತುಟಿಯಲ್ಲಿಯೇ ಇದೆ. ‘ಪ’ ಎನ್ನುವಾಗ ಎರಡು ತುಟಿಗಳು ಕೂಡಿ, ಉಸಿರನ್ನು ತಡೆದು, ಒಮ್ಮೆಗೇ ಬಿಡುತ್ತವೆ. ಪಟಪಟ ಎಂಬ ಪದದಲ್ಲಿ ಆ ಬಡಿತವೇ ಅರ್ಥ. ‘ಹ’ ಎನ್ನುವಾಗ ತಡೆಯೇ ಇಲ್ಲ, ಬರೀ ಉಸಿರು. ಹಾಲಿನ ಪಕಾರ ಹೋದರೆ ಹಾಲಿಗೆ ನಷ್ಟವಿಲ್ಲ, ಏಕೆಂದರೆ ಆ ಬಿಳಿಯ ದ್ರವಕ್ಕೂ ತುಟಿಯ ಬಡಿತಕ್ಕೂ ಮೊದಲೂ ಸಂಬಂಧವಿರಲಿಲ್ಲ. ಪಟಪಟದ ಪಕಾರ ಹೋದರೆ ಪದದ ಕೆಲಸವೇ ಕೆಟ್ಟುಹೋಗುತ್ತದೆ. ಸೊಸ್ಯೂರರ ತತ್ತ್ವ ಎಲ್ಲಿಯವರೆಗೆ ಸರಿ, ಎಲ್ಲಿಂದ ಮುಂದೆ ಸಾಲದು ಎಂಬುದನ್ನು ಕನ್ನಡದ ಇತಿಹಾಸವೇ ಹೀಗೆ ಗೆರೆ ಎಳೆದು ತೋರಿಸಿದೆ. ಯಾದೃಚ್ಛಿಕವಾದ ಪದಗಳು ಧ್ವನಿಬದಲಾವಣೆಗೆ ತಲೆಬಾಗಿದವು, ಹೋಲಿಕೆಯ ಮೇಲೆ ನಿಂತ ಪದಗಳು ಬಾಗಲಿಲ್ಲ.

ಇದು ಕನ್ನಡದ್ದೊಂದೇ ಆಕಸ್ಮಿಕವಾಗಿದ್ದರೆ ನಾನು ಇಷ್ಟು ಧೈರ್ಯದಿಂದ ಬರೆಯುತ್ತಿರಲಿಲ್ಲ. ಜಪಾನಿ ಭಾಷೆಯಲ್ಲಿಯೂ ಹಿಂದಿನ ಪಕಾರ ಹಕಾರವಾಗಿದೆ, ಅಲ್ಲಿಯೂ ಅನುಕರಣ ಪದಗಳು ಪಕಾರವನ್ನು ಬಿಟ್ಟುಕೊಟ್ಟಿಲ್ಲ. ಜಪಾನಿಯಲ್ಲಿ ಬೆಳಕಿಗೆ ಹಿಕಾರಿ, ಹೊಳೆಯುವುದಕ್ಕೆ ಹಿಕಾರು. ಆದರೆ ಫಳಫಳ ಎನ್ನಲು ಪಿಕಾಪಿಕಾ. ಕನ್ನಡದಲ್ಲಿ ಪೊಳೆ ಎಂಬ ಕ್ರಿಯಾಪದ ಹೊಳೆ ಆಯಿತು, ಪಳಪಳ ಮಾತ್ರ ಪಳಪಳವಾಗಿ, ಒತ್ತಿ ಹೇಳುವಾಗ ಫಳಫಳವಾಗಿ ಉಳಿಯಿತು. ಪೊಳೆ ಮತ್ತು ಪಳಪಳ ಒಂದೇ ಬೇರಿನವು ಎಂದು ನಾನು ಸಾಧಿಸಲು ಹೊರಟಿಲ್ಲ. ಒಂದಕ್ಕೊಂದು ಯಾವ ನಂಟೂ ಇಲ್ಲದ ಎರಡು ಭಾಷೆಗಳಲ್ಲಿ ಅದೇ ಬದಲಾವಣೆ ಆಗಿ, ಅದೇ ವರ್ಗದ ಪದಗಳು ಅದರಿಂದ ಪಾರಾಗಿವೆ ಎಂಬುದಷ್ಟೇ ಇಲ್ಲಿ ಮುಖ್ಯ.

ಒಂದು ಆಕ್ಷೇಪ ಬರಬಹುದು. ಪಟಪಟ ಹಳೆಯ ಪದವೇ ಎಂದು ಏಕೆ ನಂಬಬೇಕು, ಬದಲಾವಣೆ ಮುಗಿದ ಮೇಲೆ ಹೊಸದಾಗಿ ಹುಟ್ಟಿರಬಾರದೇಕೆ, ಪಾಠ, ಪೂಜೆ, ಪಗಾರ, ಪೈಲ್ವಾನ ಎಂಬಂತೆ ಹೊರಗಿನಿಂದ ಬಂದಿರಬಾರದೇಕೆ? ಬಂದಿರಬಹುದು. 1969ರಲ್ಲಿ ಭಾಷಾವಿಜ್ಞಾನಿ ಮರೆ ಎಮಿನೊ ಅವರು ಇಂಥ ಅನುಕರಣ ಪದಗಳು ದ್ರಾವಿಡ ಮತ್ತು ಇಂಡೋ-ಆರ್ಯನ್ ಭಾಷೆಗಳ ನಡುವೆ ಎಷ್ಟು ಧಾರಾಳವಾಗಿ ಹಂಚಿಕೆಯಾಗಿವೆ ಎಂಬುದನ್ನು ತೋರಿಸಿ, ಭಾರತವನ್ನು ಒಂದೇ ಭಾಷಾವಲಯವೆಂದು ಕರೆಯಲು ಅದನ್ನೂ ಒಂದು ಆಧಾರವಾಗಿ ಇಟ್ಟರು. ಆದರೆ ಪದ ಉಳಿದುಕೊಂಡಿರಲಿ, ಮತ್ತೆ ಹುಟ್ಟಿರಲಿ, ನೆರೆಮನೆಯಿಂದ ಬಂದಿರಲಿ, ವಾದ ಬದಲಾಗುವುದಿಲ್ಲ. ಹಳೆಯದು ಹೋಗಿದ್ದರೆ ಜನ ಅದರ ಜಾಗಕ್ಕೆ ಮತ್ತೆ ತುಟಿ ಬಡಿಯುವ ಪದವನ್ನೇ ತಂದುಕೊಂಡಿದ್ದಾರೆ. ಹಾಲಿನ ಜಾಗಕ್ಕೆ ಹಾಗೆ ಯಾರೂ ಪಕಾರವನ್ನು ಹುಡುಕಿ ತರಲಿಲ್ಲ.

ಮಹಾಪ್ರಾಣಗಳದ್ದೂ ಇದೇ ಕಥೆ. ಅಚ್ಚಗನ್ನಡದ ಪದಗಳಲ್ಲಿ ಮಹಾಪ್ರಾಣವಿಲ್ಲ ಎಂದು ಕಲಿಸುತ್ತೇವೆ. ಧಗಧಗ, ಝಣಝಣ, ಥಳಥಳ, ಭಣಭಣ ಎಂಬ ಅನುಕರಣ ಪದಗಳು ಮಾತ್ರ ಆ ನಿಯಮದ ಹೊರಗೆ ನಿಂತಿವೆ.

ಇಷ್ಟು ಹೇಳಿದ ಮೇಲೆ ಉತ್ಸಾಹಕ್ಕೆ ಕಡಿವಾಣ ಹಾಕುವುದೂ ನನ್ನ ಕರ್ತವ್ಯ. ‘ಚೂಪು’ ಚೂಪಾಗಿ ಕೇಳುತ್ತದೆ ಎಂದ ಹುಡುಗನಿಗೆ ‘ಮೊನಚು’ ಎಂಬ ಪದವನ್ನು ಕೊಡಿ. ಅರ್ಥ ಅದೇ, ಆದರೆ ಮ, ಒ, ನ ಎಂಬ ಧ್ವನಿಗಳಿಗಿಂತ ಮೆತ್ತನೆಯವು ಬಾಯಲ್ಲಿ ಹುಟ್ಟಲಾರವು. ಇತ್ತ ‘ಅಕ್ಕರೆ’ ಎಂಬ ಮೃದುವಾದ ಭಾವದ ನಡುವೆ ಒತ್ತಿ ಹೇಳುವ ಕಕಾರ ಕುಳಿತಿದೆ. ಅರ್ಥ ಮೊದಲೇ ಗೊತ್ತಿರುವ ಪದದಲ್ಲಿ ಹೋಲಿಕೆಯನ್ನು ಹುಡುಕಿದರೆ ಅದು ಸಿಕ್ಕೇ ಸಿಗುತ್ತದೆ, ಅರ್ಥವೇ ಕಿವಿಗೆ ಬಣ್ಣ ಹಚ್ಚಿರುತ್ತದೆ. ಒಪ್ಪುವ ಉದಾಹರಣೆಗಳನ್ನು ಮಾತ್ರ ಎಣಿಸಿ ಒಪ್ಪದವನ್ನು ಬಿಡುವುದು ಈ ವಿಷಯದಲ್ಲಿ ಬರೆಯುವವರೆಲ್ಲರೂ ಮಾಡುವ ತಪ್ಪು. ‘ಟ್ಟ’ ಒತ್ತಕ್ಷರ ಬಡಿತವನ್ನು ಸೂಚಿಸುತ್ತದೆ, ತಟ್ಟು, ಕುಟ್ಟು, ಮೆಟ್ಟು ನೋಡಿ ಎಂದು ಯಾರಾದರೂ ಹೇಳಿದರೆ ಬಟ್ಟೆ, ಬೆಟ್ಟ, ಹಿಟ್ಟು, ಹುಟ್ಟು ಎಂಬ ಪದಗಳನ್ನು ಅವರ ಮುಂದಿಡಬೇಕು.

ಗಾತ್ರದ ವಿಷಯದಲ್ಲಿ ಇದು ಇನ್ನೂ ಸ್ವಾರಸ್ಯಕರವಾಗಿದೆ. ‘ಇ’ಕಾರ ಸಣ್ಣದನ್ನೂ ‘ಆ’ಕಾರ ದೊಡ್ಡದನ್ನೂ ಸೂಚಿಸುತ್ತದೆ ಎಂಬ ಒಲವನ್ನು 1929ರಲ್ಲಿ ಭಾಷಾವಿಜ್ಞಾನಿ ಎಡ್ವರ್ಡ್ ಸಪಿರ್ ಪ್ರಯೋಗದಿಂದ ತೋರಿಸಿದರು. ‘ಮಿಲ್’, ‘ಮಾಲ್’ ಎಂಬ ಅರ್ಥವಿಲ್ಲದ ಎರಡು ಪದಗಳು ಎರಡು ಮೇಜುಗಳ ಹೆಸರೆಂದುಕೊಳ್ಳಿ, ದೊಡ್ಡ ಮೇಜು ಯಾವುದು ಎಂದು ಕೇಳಿದಾಗ ಹೆಚ್ಚಿನವರು ಮಾಲ್ ಎಂದರು. ಇದಕ್ಕೆ ಭೌತಿಕ ಕಾರಣವೂ ಉಂಟು. ‘ಇ’ ಎನ್ನುವಾಗ ನಾಲಗೆ ಮೇಲೆದ್ದು ಬಾಯಿಯ ಮುಂಭಾಗದ ಪೊಳ್ಳು ಕಿರಿದಾಗುತ್ತದೆ, ಕಿರಿದಾದ ಪೊಳ್ಳಿನಿಂದ ಹೊಮ್ಮುವ ನಾದ ತೀಕ್ಷ್ಣ. ಸಣ್ಣ ಪ್ರಾಣಿಗಳ ಕೂಗು ಕೀರಲು, ದೊಡ್ಡ ಪ್ರಾಣಿಗಳದ್ದು ಗಡಸು. ಕನ್ನಡದ ಅನುಕರಣ ಪದಗಳು ಇದನ್ನು ಬಲು ನಿಷ್ಠೆಯಿಂದ ಪಾಲಿಸುತ್ತವೆ. ಕಾಲಗೆಜ್ಜೆ ಕಿಣಿಕಿಣಿ, ಗುಡಿಯ ಗಂಟೆ ಗಣಗಣ. ಮಳೆ ಜಿಟಿಜಿಟಿ ಹತ್ತಿದರೆ ಕೊಡೆಯಿಲ್ಲದೆ ನಡೆಯಬಹುದು, ಪಟಪಟ ಹನಿ ಬಿದ್ದರೆ ಹೆಜ್ಜೆ ಬಿರುಸಾಗುತ್ತದೆ, ಧೋ ಎಂದು ಸುರಿದರೆ ಯಾರದೋ ಕಟ್ಟೆಯ ಮೇಲೆ ನಿಲ್ಲಲೇಬೇಕು.

ಸಾಮಾನ್ಯ ಪದಗಳಿಗೆ ಬಂದರೆ ಈ ನಿಷ್ಠೆ ಇಲ್ಲ. ಕಿರಿದು, ಹಿರಿದು ಎಂಬ ಎರಡು ವಿರುದ್ಧ ಪದಗಳಲ್ಲೂ ಅದೇ ಇಕಾರ. ಇಂಗ್ಲಿಷಿನಲ್ಲಿಯೂ ಹೀಗೆಯೇ, ದೊಡ್ಡದಕ್ಕೆ ‘ಬಿಗ್’, ಸಣ್ಣದಕ್ಕೆ ‘ಸ್ಮಾಲ್’. ಆದರೆ ನಿಮ್ಮ ಅಂಗೈಯನ್ನು ಚಾಚಿ ನೋಡಿ: ಒಂದು ತುದಿಗೆ ಕಿರುಬೆರಳು, ಇನ್ನೊಂದು ತುದಿಗೆ ಹೆಬ್ಬೆರಳು. ಕಿರು ಎಂಬುದರಲ್ಲಿ ಇಕಾರ ಮೊದಲಿಂದಲೂ ಇದೆ, ತಮಿಳಿನ ಸಿಱು, ತೆಲುಗಿನ ಚಿಱು ಎಂಬ ರೂಪಗಳಲ್ಲೂ ಅದೇ ಸ್ವರ. ದೊಡ್ಡದಕ್ಕೆ ಮೂಲದಲ್ಲಿ ಇದ್ದದ್ದು ಎಕಾರ. ತಮಿಳಿನ ಪೆರಿಯ, ಕನ್ನಡದ ಹೆಬ್ಬೆರಳು, ಹೆಮ್ಮರ, ಹೆದ್ದಾರಿಗಳಲ್ಲಿ ಅದು ಇನ್ನೂ ಉಳಿದಿದೆ. ಮುಂದಿನ ಅಕ್ಷರದಲ್ಲಿ ಇ ಅಥವಾ ಉ ಬಂದಾಗ ಹಿಂದಿನ ಎಕಾರ ಇಕಾರವಾಗುವ ಒಂದು ಧ್ವನಿಬದಲಾವಣೆ ಕನ್ನಡದಲ್ಲಿ ಬಹಳ ಹಿಂದೆಯೇ ನಡೆದು, ಪಿರಿದು ಎಂಬ ರೂಪ ಬಂತು, ಅದು ಮುಂದೆ ಹಿರಿದಾಯಿತು. ಆ ಬದಲಾವಣೆ ಅರ್ಥವನ್ನು ಕೇಳಿಕೊಂಡು ಬರಲಿಲ್ಲ. ಸೊಸ್ಯೂರ್ ಇದೇ ವಾದಕ್ಕೆ ಪಾರಿವಾಳವನ್ನು ಸಾಕ್ಷಿ ಕರೆದಿದ್ದರು: ಲ್ಯಾಟಿನ್ನಿನ ಪಿಪಿಯೊ ಎಂಬ ಅನುಕರಣ ಪದ ಫ್ರೆಂಚಿಗೆ ಬರುವಷ್ಟರಲ್ಲಿ ಪಿಜೊಂ ಆಗಿ, ಮರಿಯ ಚಿಲಿಪಿಲಿ ಎಲ್ಲವೂ ಅಳಿದುಹೋಗಿತ್ತು. ಅವರು ಗಮನಿಸಿದ್ದು ನಿಜ. ಪದ ಒಮ್ಮೆ ನಾಮಪದವಾಗಿ ಸಂಸಾರಕ್ಕೆ ಸೇರಿಕೊಂಡರೆ ಅದರ ಹೋಲಿಕೆಯನ್ನು ಯಾರೂ ಕಾಯುವುದಿಲ್ಲ.

ಪ್ರಯೋಗಗಳ ಮಾತು ಬಂತಾದ್ದರಿಂದ ನಿಮ್ಮ ತರಗತಿಯಲ್ಲಿ ಮಾಡಬಹುದಾದ ಒಂದನ್ನು ಹೇಳುತ್ತೇನೆ. ವೋಲ್ಫ್‌ಗಾಂಗ್ ಕೋಲರ್ ಎಂಬ ಮನೋವಿಜ್ಞಾನಿ 1929ರಲ್ಲಿ ಒಂದು ಮೊನಚು ಮೂಲೆಗಳ ಆಕೃತಿ, ಒಂದು ದುಂಡನೆಯ ಆಕೃತಿಯನ್ನು ತೋರಿಸಿ, ‘ತಕೇಟೆ’ ಯಾವುದು, ‘ಬಲುಮಾ’ ಯಾವುದು ಎಂದು ಕೇಳಿದರು. 2001ರಲ್ಲಿ ವಿ. ಎಸ್. ರಾಮಚಂದ್ರನ್ ಮತ್ತು ಎಡ್ವರ್ಡ್ ಹಬ್ಬರ್ಡ್ ಇದನ್ನು ‘ಕಿಕಿ’, ‘ಬೂಬಾ’ ಎಂಬ ಹೆಸರುಗಳಿಂದ ಜನಪ್ರಿಯಗೊಳಿಸಿದರು. ಮೊನಚಿನದನ್ನು ಕಿಕಿ, ದುಂಡನೆಯದನ್ನು ಬೂಬಾ ಎನ್ನುವವರೇ ಬಹುಪಾಲು. ಇದು ರೋಮನ್ ಲಿಪಿಯ ಪ್ರಭಾವ ಇರಬಹುದು, ಅಲ್ಲಿ ಕಕಾರ ಮೂಲೆಮೂಲೆಯಾಗಿ, ಬಕಾರ ಉಬ್ಬಿಕೊಂಡು ಇರುತ್ತದಲ್ಲ ಎಂಬ ಸಂಶಯ ಬಹುಕಾಲ ಇತ್ತು. 2022ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 25 ಭಾಷೆಗಳ 917 ಜನರಿಗೆ ಹೆಸರುಗಳನ್ನು ಕೇಳಿಸಿ ಪರೀಕ್ಷಿಸಲಾಯಿತು. ಬೇರೆ ಲಿಪಿಯವರಲ್ಲೂ ಒಲವು ಕಂಡಿತು, ಒಟ್ಟಾರೆ ಹೊಂದಿಕೆ ಸುಮಾರು 72 ಪ್ರತಿಶತ. ಎಲ್ಲ ಭಾಷೆಗಳಲ್ಲೂ ಅದು ಸಮನಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಕನ್ನಡದ ಮಕ್ಕಳ ಮೇಲೆ ಇದನ್ನು ಮಾಡುವುದಕ್ಕೆ ವಿಶೇಷ ಬೆಲೆ ಇದೆ. ನಮ್ಮ ಲಿಪಿಯಲ್ಲಿ ‘ಕಿ’ಯೂ ದುಂಡಗೆ, ‘ಬೂ’ವೂ ದುಂಡಗೆ, ಆದ್ದರಿಂದ ಅಕ್ಷರದ ಆಕಾರ ಮಕ್ಕಳಿಗೆ ಸುಳಿವು ಕೊಡಲಾರದು. ಹೆಸರನ್ನು ಹಲಗೆಯ ಮೇಲೆ ಬರೆಯದೆ ಬಾಯಲ್ಲಿ ಹೇಳಿ, ಅರ್ಧ ತರಗತಿಗೆ ಕಿಕಿಯನ್ನು ಮೊದಲು, ಉಳಿದರ್ಧಕ್ಕೆ ಬೂಬಾವನ್ನು ಮೊದಲು ಹೇಳಿ, ಒಬ್ಬರ ಉತ್ತರ ಇನ್ನೊಬ್ಬರಿಗೆ ಕಾಣದಂತೆ ಚೀಟಿಯಲ್ಲಿ ಗುರುತು ಹಾಕಿಸಿ.

ಅನುಕರಣ ಪದಗಳೊಳಗೂ ರೂಢಿಯ ಪಾಲು ಎಷ್ಟೆಂದು ತಿಳಿಯಲು ನಮ್ಮ ಬಿಸಿಲೇ ಸಾಕು. ಏಪ್ರಿಲ್ ಮಧ್ಯಾಹ್ನದ ಕಲಬುರಗಿಯ ಬೀದಿಯನ್ನು ನಾವು ಭಣಭಣ ಎನ್ನುತ್ತೇವೆ, ಬಿಸಿಲನ್ನು ರಣರಣ ಎನ್ನುತ್ತೇವೆ. ಖಾಲಿ ಬೀದಿಗೆ ಸದ್ದಿಲ್ಲ, ಬಿಸಿಲಿಗೂ ಸದ್ದಿಲ್ಲ. ಗಮಗಮ ಎಂಬ ವಾಸನೆಗೆ, ಥಳಥಳ ಎಂಬ ಹೊಳಪಿಗೆ, ಚುರುಚುರು ಎಂಬ ಉರಿಗೆ ಕೂಡ ಇಲ್ಲ. ಕಿವಿಗೆ ಸೇರದ ಅನುಭವವನ್ನು ಕಿವಿಯ ಭಾಷೆಗೆ ತಂದ ಪದಗಳಿವು. ರಣರಣ ಎಂಬ ಮಾತು ಬೀದರಿನ ಮರಾಠಿ ಮನೆಗಳಲ್ಲೂ ಬಿಸಿಲಿಗೇ ಸಲ್ಲುತ್ತದೆ. ನಮಗಿಬ್ಬರಿಗೂ ಅದು ಅತ್ಯಂತ ಸಹಜ. ಆದರೆ ಈ ಭಾಷೆಗಳ ಗಾಳಿಯೇ ಸೋಕದವರಿಗೆ ರಣರಣ ಎಂದು ಹೇಳಿ ಅರ್ಥ ಊಹಿಸಲು ಬಿಟ್ಟರೆ ಅವರು ಬಿಸಿಲನ್ನು ಮುಟ್ಟುವುದು ಕಷ್ಟ. ತಮಗೆ ಗೊತ್ತಿಲ್ಲದ ಭಾಷೆಗಳ ಇಂಥ ಪದಗಳನ್ನು ಡಚ್ಚರಿಗೆ ಕೇಳಿಸಿ ನಡೆಸಿದ, 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿಯೂ ಸದ್ದಿನ ಪದಗಳನ್ನು ಅವರು ಚೆನ್ನಾಗಿ ಊಹಿಸಿದರು, ಉಳಿದ ಅನುಭವಗಳ ಪದಗಳಲ್ಲಿ ಅಷ್ಟು ಯಶಸ್ಸು ಸಿಗಲಿಲ್ಲ.

ತಾಯಿಯ ಪ್ರಶ್ನೆಗೆ ಉತ್ತರ ಚಿಕ್ಕದು. ಕೂಸಿನ ತೊದಲಿನಲ್ಲಿ ತುಟಿಯ ಧ್ವನಿಗಳೂ ಆಕಾರವೂ ಬೇಗ ಬರುತ್ತವೆ. ಹತ್ತಿರ ಇರುವ ದೊಡ್ಡವರು ಆ ತೊದಲನ್ನು ತಮ್ಮ ಹೆಸರೆಂದು ಎತ್ತಿಕೊಳ್ಳುತ್ತಾರೆ. ಅವ್ವ, ಅಮ್ಮ, ಅಪ್ಪ, ಅಬ್ಬಾ ಎಲ್ಲವೂ ತುಟಿಯವೇ. ಯಾವ ತೊದಲು ಯಾರಿಗೆ ಎಂಬುದು ಮಾತ್ರ ರೂಢಿ: ಜಾರ್ಜಿಯನ್ ಭಾಷೆಯಲ್ಲಿ ‘ಮಾಮಾ’ ಎಂದರೆ ತಂದೆ, ತಾಯಿ ‘ದೇದಾ’.

ಪದಗಳೆಲ್ಲ ಅರ್ಥವನ್ನು ಹೋಲುವಂತಿದ್ದರೆ ಭಾಷೆ ಇನ್ನೂ ಚೆನ್ನಾಗಿರುತ್ತಿತ್ತಲ್ಲವೇ ಎಂದು ಮಕ್ಕಳು ಕೇಳಿದರೆ ಅವರನ್ನು ಕಾಳಿನ ಅಂಗಡಿಗೆ ಕಳುಹಿಸಿ. ತೊಗರಿ, ಹೆಸರು, ಉದ್ದು, ಕಡಲೆ, ಅಲಸಂದೆ. ಎಲ್ಲವೂ ಸಣ್ಣ, ಗಟ್ಟಿ, ಗುಂಡನೆಯ ಕಾಳುಗಳೇ. ಹೋಲಿಕೆಯ ಮೇಲೆ ಹೆಸರಿಟ್ಟಿದ್ದರೆ ಎಲ್ಲದರ ಹೆಸರೂ ಒಂದಕ್ಕೊಂದು ಅಂಟಿಕೊಂಡಿರುತ್ತಿದ್ದವು. ಆಗ ಲಾರಿಗಳ ಗದ್ದಲದ ನಡುವೆ ಕಲಬುರಗಿಯ ಮಾರುಕಟ್ಟೆ ಪ್ರಾಂಗಣದಲ್ಲಿ ಉದ್ದಿನ ದರ ಕೂಗಿದರೆ ತೊಗರಿ ತಂದ ರೈತನಿಗೆ ತನ್ನದೇ ಎಂದು ಕೇಳಿಸುತ್ತಿತ್ತು. ಒಂದೇ ಬಗೆಯ ವಸ್ತುಗಳಿಗೆ ಒಂದಕ್ಕೊಂದು ಹೋಲದ ಹೆಸರು ಇರುವುದರಿಂದಲೇ ಅವು ಬೆರೆಯದೆ ಕಿವಿ ಮುಟ್ಟುತ್ತವೆ. ಇನ್ನು ಸಾಲ, ನಾಳೆ, ನ್ಯಾಯ, ನೆಂಟಸ್ತನ ಎಂಬವುಗಳಿಗೆ ಹೋಲಿಸಲು ಯಾವ ಸದ್ದಿದೆ? ಯಾದೃಚ್ಛಿಕತೆ ಇಲ್ಲದಿದ್ದರೆ ಇವುಗಳಿಗೆ ಹೆಸರೇ ಇರುತ್ತಿರಲಿಲ್ಲ. ಇತ್ತ ಕೂಸು ಮಾತು ಕಲಿಯುವ ಮೊದಲ ದಿನಗಳಲ್ಲಿ ಹೋಲಿಕೆಯೇ ಊರುಗೋಲು. ಮುತ್ಸುಮಿ ಇಮಾಯಿ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮೂರು ವರ್ಷದ ಜಪಾನಿ ಮಕ್ಕಳು ಕ್ರಿಯೆಯನ್ನು ಹೋಲುವ ಹೊಸ ಕ್ರಿಯಾಪದಗಳನ್ನು ಹೋಲದವುಗಳಿಗಿಂತ ಸುಲಭವಾಗಿ ಕಲಿತರು. ನಮ್ಮ ಮನೆಗಳಲ್ಲಿ ಕೂಸಿಗೆ ನಾಯಿಯನ್ನು ಮೊದಲು ಬೌಬೌ ಎಂದು ತೋರಿಸಿ, ಆಮೇಲೆ ನಾಯಿ ಎನ್ನುವ ಅಜ್ಜಿಯರು ಈ ಕ್ರಮವನ್ನು ಯಾರಿಂದಲೂ ಕಲಿತವರಲ್ಲ.

ಪರೀಕ್ಷೆಯಲ್ಲಿ ಒಂದು ಅಂಕದ ಪ್ರಶ್ನೆಯಾಗಿ ಬಂದರೆ ಮಕ್ಕಳು ‘ಯಾದೃಚ್ಛಿಕ’ ಎಂದೇ ಬರೆಯಲಿ, ಅದು ತಪ್ಪಲ್ಲ. ನಾಲ್ಕು ಅಂಕದ ಪ್ರಶ್ನೆಯಾದರೆ ಅನುಕರಣಾವ್ಯಯಗಳನ್ನು ಹೆಸರಿಸಿ, ಹಕ್ಕಿ ಮತ್ತು ಪಟಪಟದ ವಾಕ್ಯವನ್ನು ಉದಾಹರಣೆಯಾಗಿ ಬರೆಯಲಿ. ಪ್ರಶ್ನೆ ಕೇಳಿದ ಆ ಹುಡುಗಿಗೆ ಒಂದು ಕೆಲಸ ಕೊಡಿ. ಮನೆಯ ಹಿರಿಯರ ಮಾತಿನಲ್ಲಿ ಪಕಾರದಿಂದ ಶುರುವಾಗುವ ಇಂಥ ಜೋಡಿಪದಗಳನ್ನೆಲ್ಲ, ಯಾವ ಸಂದರ್ಭದಲ್ಲಿ ಅಂದರು ಎಂಬುದರ ಸಮೇತ, ಒಂದು ವಹಿಯಲ್ಲಿ ಬರೆದಿಟ್ಟುಕೊಳ್ಳಲಿ. ಕಿಟೆಲ್ ತಮ್ಮ 1894ರ ನಿಘಂಟಿನಲ್ಲಿ ಅನುಕರಣ ಪದಗಳಿಗೆ ಧಾರಾಳವಾಗಿ ಜಾಗ ಕೊಟ್ಟಿದ್ದಾರೆ, ಆದರೆ ನಮ್ಮ ಭಾಗದ ಅಡುಗೆಮನೆಯ, ಹೊಲದ, ಕಣದ ಮಾತುಗಳು ಅದರಲ್ಲಿ ಎಲ್ಲವೂ ಬಂದಿಲ್ಲ. ಅವಳು ಬರೆದಿಟ್ಟ ಪಟ್ಟಿಯಲ್ಲಿ ಪಕಾರವೂ ಹಕಾರವೂ ಎರಡೂ ಇರುವ ಒಂದೇ ಒಂದು ಜೋಡಿ ಸಿಕ್ಕರೂ ಅದನ್ನು ನನಗೆ ತಪ್ಪದೆ ಕಳುಹಿಸಿ.